ಹತ್ತು ಕೂಪನ್, ನಾಲ್ಕು ಶಾಲು

ಎಲ್ಲದಕ್ಕೂ ಮೂಲ ಹತ್ತು ಊಟದ ಕೂಪನ್‌ಗಳು. ಹಳದಿ ಕಾಗದದ, ಬೆಂಕಿಪೊಟ್ಟಣದಷ್ಟು ಅಗಲದ, ಸಂಘದ ಮೊಹರು ಬಿದ್ದ ಸಾದಾ ಕೂಪನ್‌ಗಳು. ಪುಂಡರೀಕಾಕ್ಷರು ಅವನ್ನು ಜುಬ್ಬಾದ ಎಡಜೇಬಿಗೆ ಹಾಕಿಕೊಳ್ಳುವ ಬದಲು ಬೆರಳು ಮಡಚಿ ಎಣಿಸಿದ್ದರೆ ಇವತ್ತು ಅವರ ಭಾನುವಾರಗಳು ಅವರವೇ ಆಗಿರುತ್ತಿದ್ದವು. ಆದರೆ ಹತ್ತೂ ಬೆರಳಿಗೆ ಬೇರೆ ಕೆಲಸ ಇರುವ ಮನುಷ್ಯ, ಏನು ಮಾಡುವುದು.

ಅವರ ಮನೆ ಮುಂಬಯಿ ಹೊರವಲಯದ ಕಳವಾದಲ್ಲಿ, ಕಚೇರಿ ಬೇಲಾಪುರದಲ್ಲಿ, ಕನ್ನಡ ಸಂಘ ಠಾಣೆಯ ನೌಪಾಡಾದಲ್ಲಿ. ಸೋಮವಾರದಿಂದ ಶುಕ್ರವಾರದವರೆಗೆ ಎರಡೆರಡು ರೈಲು ಬದಲಿಸಿ ಸರಕಾರದ ಫೈಲು ನೋಡುತ್ತಾರೆ. ಶನಿವಾರ ಸಂಘದ ಸಭೆ, ಭಾನುವಾರ ಸಂಘದ ಕಾರ್ಯಕ್ರಮ. ಐವತ್ತಾರನೆಯ ಪ್ರಾಯದಲ್ಲಿ ಅವರಿಗೆ ಉಳಿದಿದ್ದ ಆಸೆ ಒಂದೇ. ಒಂದು ಭಾನುವಾರ, ಬರೇ ಒಂದು ಭಾನುವಾರ, ಬೆಳಗ್ಗೆ ಒಂಬತ್ತರವರೆಗೆ ಮಲಗಬೇಕು. ಬಂಗಲೆ ಬೇಡ, ಬಡ್ತಿ ಬೇಡ, ನಿದ್ದೆ ಸಾಕು.

ಕಾರ್ಯದರ್ಶಿ ಪಟ್ಟ ಅವರಿಗೆ ಬಂದದ್ದು ಹನ್ನೊಂದು ವರ್ಷದ ಹಿಂದೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಅಧ್ಯಕ್ಷರು ಆಗಿನ ಕಾರ್ಯದರ್ಶಿಗೆ ಶಾಲು ಹೊದಿಸಿ, ಅವರ ಕೈಯಿಂದ ಸಂಘದ ಕೀಗೊಂಚಲನ್ನು ತೆಗೆದುಕೊಂಡು, ಮುಂದೆ ಯಾರು ಎಂದು ಸಭೆಯತ್ತ ನೋಡಿದರು. ಸಭೆ ಒಟ್ಟಾಗಿ ತಲೆ ತಗ್ಗಿಸಿ ತಂತಮ್ಮ ಚಪ್ಪಲಿ ನೋಡತೊಡಗಿತು. ಪುಂಡರೀಕಾಕ್ಷರಿಗೆ ಆ ದಿನ ಕತ್ತು ಉಳುಕಿತ್ತು, ತಲೆ ಬಗ್ಗಲಿಲ್ಲ. ಕೀಗೊಂಚಲು ಅವರ ಕೈಗೆ ಬಂತು.

ಆ ಪಟ್ಟದಿಂದ ಇಳಿಯುವ ದಾರಿಯೂ ಒಂದೇ. ವಾರ್ಷಿಕೋತ್ಸವದ ದಿನ, ಎಲ್ಲ ಸದಸ್ಯರ ಎದುರು, ಅಧ್ಯಕ್ಷರ ಕೈಯಿಂದ ಹೆಗಲಿಗೆ ಶಾಲು ಬೀಳಬೇಕು. ಬಿತ್ತೋ, ಬಿಡುಗಡೆ. ಬೀಳಲಿಲ್ಲವೋ, ಇನ್ನೊಂದು ವರ್ಷ. ನಿಯಮಾವಳಿಯಲ್ಲಿ ಇದನ್ನು ಬರೆದಿಲ್ಲ. ಬರೆದಿದ್ದರೆ ಯಾರಾದರೂ ತಿದ್ದುಪಡಿ ತರುತ್ತಿದ್ದರು. ಹಿಂದೆ ಒಬ್ಬ ಕಾರ್ಯದರ್ಶಿ ಆಸ್ಪತ್ರೆಯ ಹಾಸಿಗೆಯಿಂದ ರಾಜೀನಾಮೆ ಕಳಿಸಿದ್ದರಂತೆ. ಸಮಿತಿ ಅದನ್ನು ಓದಿ, ಬೇಗ ಗುಣವಾಗಲೆಂದು ಹಾರೈಸಿ, ಮುಂದಿನ ಸಭೆಯ ನೋಟೀಸು ಬರೆಯುವ ಕೆಲಸವನ್ನು ಅದೇ ಹಾಸಿಗೆಗೆ ಕಳಿಸಿತ್ತು.

ಈ ವರ್ಷ ಪುಂಡರೀಕಾಕ್ಷರು ಗಟ್ಟಿ ಮನಸ್ಸು ಮಾಡಿದ್ದರು. ನೌಪಾಡಾದಲ್ಲಿ ಹೋಟೆಲು ನಡೆಸುವ ಸಂದೇಶನನ್ನು ಹಿಡಿದುಕೊಂಡು, ಮೂರು ತಿಂಗಳು ದಿನಾ ಸಂಜೆ ಅವನ ಗಲ್ಲಾಪೆಟ್ಟಿಗೆಯ ಪಕ್ಕ ಕೂತು ಕಾಫಿ ಕುಡಿದು, ಕೊನೆಗೂ ಅವನ ಬಾಯಿಂದ ಹೂಂ ಅನ್ನಿಸಿದ್ದರು. ಸಂದೇಶ ಹೇಳಿದ್ದು ಇಷ್ಟೇ: "ಆಯ್ತು ಪುಂಡರೀಕಣ್ಣ. ಆದ್ರೆ ಕ್ರಮ ಪ್ರಕಾರ ಆಗ್ಬೇಕು. ನಿಮಗೆ ಶಾಲು ಬಿದ್ದ ಮೇಲೆ ಕೀ ನನಗೆ ಕೊಡಿ, ಮೊದಲು ಬೇಡ." ಆ ಹೂಂ ಕೇಳಿದ ದಿನದಿಂದ ಅವನ ಹೆಂಡತಿ ಅಪರ್ಣಾ ಅವನ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ಪುಂಡರೀಕಾಕ್ಷರು ಅದನ್ನು ಕಂಡೂ ಕಾಣದ ಹಾಗೆ ಇದ್ದರು.

ಇನ್ನು ಉಳಿದದ್ದು ವಾರ್ಷಿಕೋತ್ಸವವನ್ನು ಸುಸೂತ್ರವಾಗಿ ದಾಟಿಸುವುದು. ಪ್ರತಿವರ್ಷದಂತೆ ಪ್ರಾರ್ಥನೆ, ಮಕ್ಕಳ ಕುಣಿತ, ವರದಿ, ಊಟ ಎಂದಿದ್ದರೆ ಕಣ್ಣು ಮುಚ್ಚಿ ಮುಗಿಸುತ್ತಿದ್ದರು. ಆದರೆ ಅಧ್ಯಕ್ಷೆ ಜಯಲತಾ ಅವರಿಗೆ, ಅಂದರೆ ನಿವೃತ್ತ ಹೆಡ್ ಮಿಸ್‌ಗೆ, ಈ ಸಲ ಏನಾದರೂ ಉನ್ನತ ಮಟ್ಟದ್ದು ಬೇಕಾಯಿತು. ಡೊಂಬಿವಿಲಿಯಲ್ಲಿರುವ ಅವರ ತಂಗಿಯ ಮಗಳು ಅನುಷ್ಕಾ ಚೆಲ್ಲೊ ಎಂಬ ಪಾಶ್ಚಾತ್ಯ ವಾದ್ಯ ನುಡಿಸುತ್ತಾಳೆ. ಅವಳ ಜೊತೆ ಕ್ಲಾರಿನೆಟ್‌ಗೆ ಕೌಶಲ್, ಪಿಯಾನೊಗೆ ಸಮಿತ್. ಮೂವರೂ ಸೇರಿ ಹಳೆಯ ಯುರೋಪಿನ ಒಂದು ಕೃತಿ ನುಡಿಸುತ್ತಾರೆ ಎಂದು ಜಯಲತಾ ಸಮಿತಿಗೆ ತಿಳಿಸಿದರು. ಕೇಳಲಿಲ್ಲ, ತಿಳಿಸಿದರು.

ಶನಿವಾರ ಅನುಷ್ಕಾ ಪುಂಡರೀಕಾಕ್ಷರಿಗೆ ಫೋನು ಮಾಡಿ ಕೃತಿಯನ್ನು ವಿವರಿಸಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಅವರಿಗೆ ಅರ್ಥವಾದದ್ದು ಇಷ್ಟು: ಇನ್ನೂರು ವರ್ಷದ ಹಿಂದೆ ಒಂದು ಊರಿನಲ್ಲಿ ಆಪೆರಾ ಎಂಬ ಸಂಗೀತ ನಾಟಕ ನಡೆಯುತ್ತಿತ್ತು. ಅದರ ಒಂದು ಹಾಡು ಎಷ್ಟು ಮೆಚ್ಚುಗೆಯಾಯಿತೆಂದರೆ ಬೀದಿಯಲ್ಲಿ ಹೋಗುವವರೆಲ್ಲ ಅದನ್ನೇ ಸಿಳ್ಳೆ ಹಾಕುತ್ತಿದ್ದರು. ಒಬ್ಬ ಸಂಗೀತಗಾರ ಆ ಧಾಟಿಯನ್ನು ಎತ್ತಿಕೊಂಡು ಮೂರು ವಾದ್ಯಕ್ಕೆ ಹೊಂದಿಸಿದ. ಮೊದಲು ಧಾಟಿ ಇದ್ದ ಹಾಗೆ ಒಮ್ಮೆ, ಆಮೇಲೆ ಅದನ್ನೇ ತಿರುಗಿಸಿ ಮುರುಗಿಸಿ ಒಂಬತ್ತು ವೇರಿಯೇಷನ್. ಒಟ್ಟು ಹತ್ತು ತುಂಡು. ತುಂಡು ತುಂಡಿನ ನಡುವೆ ಒಂದು ಉಸಿರಿನಷ್ಟು ನಿಲ್ಲುತ್ತಾರೆ.

"ಅಂಕಲ್, ದಸ್ ಕೇ ಬಾದ್ ಹೀ ತಾಲಿ" ಎಂದಳು ಅವಳು. ಹತ್ತು ಮುಗಿದ ಮೇಲೆಯೇ ಚಪ್ಪಾಳೆ, ನಡುವೆ ಬೇಡವೇ ಬೇಡ.

ಪುಂಡರೀಕಾಕ್ಷರಿಗೆ ಚಿಂತೆ ಹತ್ತಿತು. ಸಂಘದವರ ಕ್ರಮ ಅವರಿಗೆ ಗೊತ್ತು. ವೇದಿಕೆಯಲ್ಲಿ ಶಬ್ದ ನಿಂತರೆ ಚಪ್ಪಾಳೆ, ಚಪ್ಪಾಳೆ ಬಿದ್ದರೆ ಶಾಲು, ಶಾಲು ಬಿದ್ದರೆ ಎಲ್ಲರೂ ಎದ್ದು ಊಟಕ್ಕೆ. ಅದರಲ್ಲೂ ಕಲಾವಿದರಿಗೆ ಶಾಲು ಹೊದಿಸುವ ಕೆಲಸ ಈ ಸಲ ಅವರ ಪಾಲಿಗೇ ಬಂದಿತ್ತು. ಸ್ವಂತ ತಂಗಿಯ ಮಗಳಿಗೆ ತಾನೇ ಶಾಲು ಹಾಕಿದರೆ ಜನ ಆಡಿಕೊಳ್ಳುತ್ತಾರೆ ಎಂದು ಜಯಲತಾ ಅದನ್ನು ಕಾರ್ಯದರ್ಶಿಗೆ ದಾಟಿಸಿದ್ದರು.

ಭಾನುವಾರ ಬೆಳಗ್ಗೆ ಐದೂವರೆಗೆ ಅಲಾರಂ ಹೊಡೆಯಿತು. ಹೆಂಡತಿ ಸುಗುಣಾ ಜುಬ್ಬಾಕ್ಕೆ ಇಸ್ತ್ರಿ ಹಾಕಿ ಕೊಡುತ್ತಾ, "ಇವತ್ತಾದ್ರೂ ಆ ಶಾಲು ಹಾಕಿಸ್ಕೊಂಡು ಬನ್ನಿ. ಮುಂದಿನ ಭಾನುವಾರಕ್ಕೆ ನಾನು ಅಲಾರಂ ಇಡುದಿಲ್ಲ" ಎಂದರು. ಆ ಮಾತಿಗೆ ಪುಂಡರೀಕಾಕ್ಷರ ಕಣ್ಣು ಒದ್ದೆಯಾಯಿತು. ಹನ್ನೊಂದು ವರ್ಷದಲ್ಲಿ ಅವರ ಬಗ್ಗೆ ಯಾರೂ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ.

ಆ ದಿನ ರೈಲ್ವೆಯವರದ್ದು ಮೆಗಾಬ್ಲಾಕ್, ಅಂದರೆ ಹಳಿ ರಿಪೇರಿಗೆಂದು ರೈಲು ಕಡಿತ. ಡೊಂಬಿವಿಲಿಯಿಂದ ಬರುವ ಲೋಕಲ್ ಇಪ್ಪತ್ತೈದು ನಿಮಿಷ ತಡ. ಠಾಣೆ ಸ್ಟೇಷನ್ನಿನಲ್ಲಿ ಅನುಷ್ಕಾ ಇಳಿದಾಗ ಅವಳ ಹಿಂದೆ ಲಗೇಜು ಡಬ್ಬದಿಂದ ಒಂದು ಆಳೆತ್ತರದ ಕಪ್ಪು ಪೆಟ್ಟಿಗೆಯೂ ಇಳಿಯಿತು. ಚೆಲ್ಲೊ ಎಂದರೆ ಪಿಟೀಲಿನ ಅಣ್ಣ ಎಂದು ತಿಳಿದಿದ್ದ ಪುಂಡರೀಕಾಕ್ಷರಿಗೆ ಅದು ಪಿಟೀಲಿನ ಅಜ್ಜ ಎಂದು ಆಗಲೇ ಗೊತ್ತಾದದ್ದು. ಇಬ್ಬರೂ ಆಚೀಚೆ ಹಿಡಿದು ಸೇತುವೆ ಹತ್ತಿದರು. ಎದುರಿನಿಂದ ಬಂದ ಒಬ್ಬ ಮುದುಕ ಪೆಟ್ಟಿಗೆ ಕಂಡು ಟೊಪ್ಪಿ ತೆಗೆದು, ಕೈಮುಗಿದು, ದಾರಿ ಬಿಟ್ಟ. ರಿಕ್ಷಾದಲ್ಲಿ ಚೆಲ್ಲೊ ಮತ್ತು ಅನುಷ್ಕಾ ಕೂತ ಮೇಲೆ ಜಾಗ ಉಳಿಯಲಿಲ್ಲ. ಪುಂಡರೀಕಾಕ್ಷರು ನಡೆದು ಹೋದರು.

ಸಭಾಗೃಹದಲ್ಲಿ ಮಹಿಳಾ ವಿಭಾಗದ ಲೋಲಾಕ್ಷಿ ಬಾಗಿಲಲ್ಲೇ ಅವರನ್ನು ಹಿಡಿದು ಒಂದು ಬಟ್ಟೆಚೀಲ ಹೆಗಲಿಗೆ ನೇತುಹಾಕಿದರು. "ಶಾಲು ನಾಲ್ಕುಂಟು ಪುಂಡರೀಕಣ್ಣ. ಕಲಾವಿದರಿಗೆ ಮೂರು. ಇನ್ನೊಂದು ನಿಮ್ಮ ಹತ್ರವೇ ಇರ್ಲಿ." ಯಾಕೆ ಎಂದು ಅವರು ಕೇಳಲಿಲ್ಲ. ಪ್ರತಿವರ್ಷ ಊಟದ ಹೊತ್ತಿಗೆ ಕರೆಯದೇ ಬರುವ ಒಬ್ಬ ಪುಢಾರಿ ಇದ್ದೇ ಇರುತ್ತಾನೆ, ಅವನಿಗೆ ಇರಬೇಕು ಎಂದುಕೊಂಡರು. ತಮ್ಮ ಬಿಡುಗಡೆಯ ಶಾಲು ಎಲ್ಲಿದೆ ಎಂಬುದು ಅವರಿಗೆ ಗೊತ್ತಿತ್ತು. ಮೊದಲ ಸಾಲಿನಲ್ಲಿ ಕೂತಿದ್ದ ಜಯಲತಾ ಅವರ ದೊಡ್ಡ ಚೀಲದಿಂದ ಕೆಂಪು ಅಂಚಿನ ಬಟ್ಟೆಯೊಂದು ಇಣುಕುತ್ತಿತ್ತು. ಕಾರ್ಯಕ್ರಮ ಶುರುವಾಗುವಷ್ಟರಲ್ಲಿ ಪುಂಡರೀಕಾಕ್ಷರು ಅದನ್ನು ಆರು ಸಲ ನೋಡಿ ಖಾತ್ರಿ ಮಾಡಿಕೊಂಡರು.

ಸಭಾಗೃಹ ಅವರದ್ದಾಗಿ ಇದ್ದದ್ದು ಒಂದು ಗಂಟೆಯವರೆಗೆ ಮಾತ್ರ. ಆಮೇಲೆ ಒಂದು ಮರಾಠಿ ಕುಟುಂಬದ ಸಾಖರಪುಡಾ, ಅಂದರೆ ನಿಶ್ಚಿತಾರ್ಥ. ಅವರ ಕಡೆಯವರು ಹನ್ನೊಂದಕ್ಕೇ ಬಂದು ಹಿಂಬದಿಯಲ್ಲಿ ಚೆಂಡುಹೂವಿನ ಮಾಲೆ ಬಿಡಿಸುತ್ತಾ ಕೂತಿದ್ದರು. ಪ್ರಾರ್ಥನೆ ಆಯಿತು, ಮಕ್ಕಳ ಕುಣಿತ ಆಯಿತು. ಪುಂಡರೀಕಾಕ್ಷರು ವಾರ್ಷಿಕ ವರದಿ ಓದಿದರು, ಯಾರೂ ಕೇಳಲಿಲ್ಲ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಸಂಗೀತದ ಸರದಿ ಬಂತು.

ಕೂಪನ್ನಿನ ಉಪಾಯ ಹೊಳೆದದ್ದು ಆಗ. ಹಂಚಿ ಉಳಿದ ಊಟದ ಕೂಪನ್‌ಗಳಲ್ಲಿ ಹತ್ತನ್ನು ಎಣಿಸಿ ಎಡಜೇಬಿಗೆ ಹಾಕಿದರು. ಒಂದೊಂದು ತುಂಡು ಮುಗಿದಾಗ ಒಂದೊಂದು ಕೂಪನ್ನನ್ನು ಬಲಜೇಬಿಗೆ ದಾಟಿಸುವುದು. ಎಡಜೇಬು ಬರಿದಾದರೆ ಸಂಗೀತ ಮುಗಿಯಿತು, ಶಾಲು ಎತ್ತಿಕೊಂಡು ಹೊರಡುವುದು. ಸ್ವರದ ಗಂಧಗಾಳಿ ಇಲ್ಲದ ಮನುಷ್ಯನಿಗೆ ಇದಕ್ಕಿಂತ ಭದ್ರವಾದ ದಾರಿ ಇರಲಿಲ್ಲ. ಮಿಕ್ಕ ಕೂಪನ್‌ಗಳ ಕಟ್ಟನ್ನು ಅಡಿಗೆಯವರ ವಶಕ್ಕೆ ಕೊಟ್ಟು ನಿಶ್ಚಿಂತರಾದರು.

ಮೈಕು ಹಿಡಿದು ಅವರು ಸಭೆಗೆ ಕೃತಿಯನ್ನು ತಮಗೆ ತಿಳಿದ ಹಾಗೆ ಪರಿಚಯಿಸಿದರು. ಹಿಟ್ಟು ಒಂದೇ, ಅದರಲ್ಲಿ ಇಡ್ಲಿ ಆಗುತ್ತದೆ, ದೋಸೆ ಆಗುತ್ತದೆ, ಉತ್ತಪ್ಪ ಆಗುತ್ತದೆ, ಇದೂ ಹಾಗೆಯೇ ಎಂದರು. ಉಡುಪಿ ಕಡೆಯ ಸಭೆಗೆ ಅದು ಕೂಡಲೇ ಅರ್ಥವಾಯಿತು. ಹತ್ತು ತುಂಡು ಮುಗಿಯುವವರೆಗೆ ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬಾರದು, ನಾನು ಶಾಲು ಹಿಡಿದು ಮೇಲೆ ಬಂದಾಗ ತಟ್ಟಿದರೆ ಸಾಕು ಎಂದೂ ಹೇಳಿದರು. ಅಷ್ಟಕ್ಕೆ ಇಳಿದಿದ್ದರೆ ಚೆನ್ನಾಗಿತ್ತು. ಆದರೆ ಅನುಷ್ಕಾ ಹೇಳಿದ ಇನ್ನೊಂದು ಸಂಗತಿ ನೆನಪಾಯಿತು. ನಾಟಕದಲ್ಲಿ ಆ ಹಾಡು ಹಾಡುವವನ ತಕರಾರು ಏನೆಂದರೆ, ಹೊಟ್ಟೆಗೆ ಏನಾದರೂ ಬೀಳದೆ ತನ್ನಿಂದ ಕೆಲಸ ಶುರುಮಾಡಲು ಆಗದು ಎಂಬುದು. ಅದನ್ನೂ ಹೇಳಿಬಿಟ್ಟರು. ಸಭೆ ತಲೆದೂಗಿತು. ಹಿಂದಿನಿಂದ ಸಂದೇಶನ ಹೋಟೆಲಿನವರು ಕರಿಯುತ್ತಿದ್ದ ಗೋಳಿಬಜೆಯ ವಾಸನೆ ಬರುತ್ತಿತ್ತು. ಇನ್ನೂರು ಜನರಿಗೆ ಒಮ್ಮೆಲೇ ಊಟದ ನೆನಪಾಯಿತು.

ಧಾಟಿ ಶುರುವಾಯಿತು. ಕುಣಿದುಕೊಂಡು ಹೋಗುವ, ಒಮ್ಮೆ ಕೇಳಿದರೆ ನಾಲಗೆಗೆ ಅಂಟುವ ಧಾಟಿ. ಪುಂಡರೀಕಾಕ್ಷರು ವೇದಿಕೆಯ ಮೆಟ್ಟಿಲ ಬಳಿ ಗೋಡೆಗೆ ಒರಗಿ ನಿಂತು ಕೇಳಿದರು, ಮುಗಿಯಿತು, ಒಂದು ಕೂಪನ್ ಬಲಕ್ಕೆ. ಪಿಯಾನೊ ಒಂದೇ ಓಡುವ ತುಂಡು ಬಂತು, ಒಂದು ಬಲಕ್ಕೆ. ಚೆಲ್ಲೊ ಒಂದೇ ಗೊಣಗುವ ತುಂಡು ಶುರುವಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಎಂದು ಅವರಿಗೆ ಅನಿಸಿದ್ದೇ ತಪ್ಪಾಯಿತು.

ಮೊದಲು ಬಂದವರು ಸಾಬವ್ವ. ಕಳವಾದಲ್ಲಿ ಪುಂಡರೀಕಾಕ್ಷರ ಪಕ್ಕದ ಚಾಳಿನವರು, ವಿಜಾಪುರ ಕಡೆಯ ಅಜ್ಜಿ. ಬಗ್ಗಿ ಬಗ್ಗಿ ಬಂದು ಕಿವಿಯಲ್ಲಿ, "ಅಣ್ಣಾರ, ನನ್ನ ತಂಗಿ ಬಂದಾಳ್ರೀ. ಒಂದ ಕೂಪನ್ ಕೊಡ್ರಿ" ಎಂದರು. ಅಡಿಗೆಯವರ ಹತ್ತಿರ ಕೇಳಿ ಎನ್ನಬಹುದಿತ್ತು. ಹಾಗನ್ನಲು ಬರುವವರಾಗಿದ್ದರೆ ಅವರು ಹನ್ನೊಂದು ವರ್ಷ ಕಾರ್ಯದರ್ಶಿಯಾಗಿ ಇರುತ್ತಿರಲಿಲ್ಲ. ಎಡಜೇಬಿನಿಂದ ಒಂದು ತೆಗೆದುಕೊಟ್ಟು, ಆಮೇಲೆ ನೆನಪಿಟ್ಟು ಒಂದು ಕಡಿಮೆ ಎಣಿಸಿದರಾಯಿತು ಎಂದುಕೊಂಡರು.

ನೆನಪಿಡಲು ಲೋಲಾಕ್ಷಿ ಬಿಡಲಿಲ್ಲ. ಮೈಕಿನವನಿಗೆ ಊಟ ಹಾಕದಿದ್ದರೆ ಅವನು ಇನ್ನೊಂದು ಗಂಟೆಯ ಬಾಡಿಗೆ ಹೆಚ್ಚು ಕೇಳುತ್ತಾನೆ ಎಂದು ಪಿಸುಗುಟ್ಟಿ ಒಂದು ಒಯ್ದರು. ಅವರ ಬೆನ್ನಿಗೆ ಸಂದೇಶ ಬಂದ. ಅಡಿಗೆ ಅವನದೇ, ಆದರೂ ಅವನ ಅತ್ತೆಗೆ ಕೂಪನ್ ಇಲ್ಲದೆ ಸಾಲಿನಲ್ಲಿ ನಿಲ್ಲಲು ಸಂಕೋಚವಂತೆ, ಅತ್ತೆಗೆ ಕೊಟ್ಟು ಅಪರ್ಣಾಗೆ ಕೊಡದಿದ್ದರೆ ಮನೆಯಲ್ಲಿ ಇರುವುದು ಕಷ್ಟವಂತೆ. ಎರಡು ಹೋಯಿತು. ನಾಳೆಯಿಂದ ತನ್ನ ಭಾರ ಹೊರುವವನು, ಅವನಿಗೆ ಇಲ್ಲ ಎನ್ನುವುದು ಹೇಗೆ.

ಅಷ್ಟರಲ್ಲಿ ಸಂಗೀತ ಮಂದವಾಯಿತು. ಅದೇ ಧಾಟಿ ಈಗ ಬೇಸರ ಬಂದವರ ಹಾಗೆ ನಿಧಾನಕ್ಕೆ ನಡೆಯತೊಡಗಿತು. ಕ್ಲಾರಿನೆಟ್ ಒಂದು ಮಾತು ಹೇಳುತ್ತದೆ, ಚೆಲ್ಲೊ ಹೌದಪ್ಪ ಎನ್ನುತ್ತದೆ. ಪುಂಡರೀಕಾಕ್ಷರಿಗೆ ಏಕೋ ಎದೆ ತುಂಬಿ ಬಂತು. ಇನ್ನೂರು ವರ್ಷದ ಹಿಂದೆ ಆ ಪರದೇಶದವನಿಗೆ ಬೆಳಗಿನ ಐದೂವರೆಯ ಅಲಾರಂ, ಎರಡು ರೈಲು, ಸಂಘದ ಕೀ ಎಲ್ಲ ಹೇಗೆ ಗೊತ್ತಾಯಿತು ಎಂದು ಆಶ್ಚರ್ಯಪಟ್ಟರು. ಹಾಗೆ ಆಶ್ಚರ್ಯಪಡುತ್ತಾ, ಗೋಡೆಗೆ ಒರಗಿದ್ದವರು ನಿಂತಲ್ಲೇ ತೂಕಡಿಸಿದರು. ಕೈ ಮಾತ್ರ ಅಭ್ಯಾಸಬಲದಿಂದ, ಶಬ್ದ ನಿಂತಾಗಲೆಲ್ಲ, ಒಂದೊಂದು ಕೂಪನ್ನನ್ನು ಬಲಕ್ಕೆ ದಾಟಿಸುತ್ತಿತ್ತು.

ಆರನೆಯ ತುಂಡು ಮುಗಿದಾಗ ಅವರ ಕೈ ಎಡಜೇಬಿಗೆ ಹೋಗಿ ಕೊನೆಯ ಕೂಪನ್ನನ್ನು ತೆಗೆಯಿತು. ಇನ್ನೊಮ್ಮೆ ತಡಕಾಡಿತು. ಜೇಬು ಬರಿದು. ಪುಂಡರೀಕಾಕ್ಷರು ಬೆಚ್ಚಿ ಎಚ್ಚೆತ್ತರು. ಮುಗಿದಿದೆ, ಎಲ್ಲರೂ ಕಾಯುತ್ತಿದ್ದಾರೆ, ತಾನು ನಿದ್ದೆ ಹೋಗಿದ್ದೇನೆ. ಚೀಲ ಹಿಡಿದು ಎರಡೆರಡು ಮೆಟ್ಟಿಲು ಹಾರಿ ವೇದಿಕೆಗೆ ನುಗ್ಗಿದರು. ಅವರ ಕೈಯಲ್ಲಿ ಶಾಲು ಕಂಡದ್ದೇ ಸಭೆ ಅಷ್ಟು ಹೊತ್ತು ಅದುಮಿಟ್ಟ ಚಪ್ಪಾಳೆಯನ್ನೆಲ್ಲ ಒಮ್ಮೆಲೇ ತಟ್ಟಿತು. ಅನುಷ್ಕಾಗೆ ಒಂದು, ಕೌಶಲ್‌ಗೆ ಒಂದು, ಸಮಿತ್‌ಗೆ ಒಂದು. ಕೌಶಲ್ ಆಗ ತಾನೇ ಕ್ಲಾರಿನೆಟ್ ಬಾಯಿಗಿಟ್ಟಿದ್ದ. ಶಾಲು ಹೆಗಲಿಗೆ ಬಿದ್ದ ಗಾಬರಿಗೆ ಅದರಿಂದ ಬಾತುಕೋಳಿಯ ಕೂಗು ಹೊರಟಿತು.

"ಅಂಕಲ್," ಅನುಷ್ಕಾ ನಗುಮುಖ ಬಿಡದೆ ಹಲ್ಲುಗಳ ನಡುವಿನಿಂದ ಹೇಳಿದಳು, "ಅಭೀ ಚಾರ್ ಬಾಕಿ ಹೈ."

ಇನ್ನೂ ನಾಲ್ಕು ಬಾಕಿ. ಆ ನಾಲ್ಕು ಎಲ್ಲಿ ಹೋದವು ಎಂದು ಪುಂಡರೀಕಾಕ್ಷರಿಗೆ ಆಗ ಹೊಳೆಯಿತು. ಅವು ಸಾಬವ್ವನ ತಂಗಿಯ, ಮೈಕಿನವನ, ಸಂದೇಶನ ಅತ್ತೆಯ ಮತ್ತು ಅಪರ್ಣಾಳ ಕೈಯಲ್ಲಿದ್ದವು. ಊಟಕ್ಕೆ ಎದ್ದಿದ್ದ ಅರ್ಧ ಸಭೆಗೆ ಕೈಮುಗಿದು, ದಮ್ಮಯ್ಯ ಎಂದು ಕೂರಿಸಿದರು. ಹೊದಿಸಿದ ಶಾಲನ್ನು ಹಿಂದೆ ಎಳೆದುಕೊಳ್ಳುವ ಹಾಗಿರಲಿಲ್ಲ. ಮೂವರೂ ಶಾಲು ಹೊದ್ದುಕೊಂಡೇ ಮುಂದುವರಿಸಿದರು.

ಏಳನೆಯ ತುಂಡಿನಲ್ಲಿ ಸಮಿತ್‌ನ ಶಾಲಿನ ಕುಚ್ಚು ಪಿಯಾನೊದ ಮೇಲೆ ಬಿದ್ದು, ಅವನು ಮೂರು ಸ್ವರ ನುಡಿಸಿದರೆ ಅದು ಒಂದು ನುಡಿಸಿತು. ಎಂಟನೆಯದರಲ್ಲಿ ಅನುಷ್ಕಾ ಕಮಾನು ಎಳೆದಂತೆಲ್ಲ ಅವಳ ಶಾಲು ಜಾರಿ ಜಾರಿ ಕೊನೆಗೆ ನೆಲಕ್ಕೆ ಬಿತ್ತು. ಚೆಲ್ಲೊದ ಅಡಿಯಲ್ಲಿ ನೆಲಕ್ಕೆ ಊರುವ ಒಂದು ಕಬ್ಬಿಣದ ಮೊಳೆ ಇರುತ್ತದೆ. ಅವಳು ವಾದ್ಯವನ್ನು ಸ್ವಲ್ಪ ಎತ್ತಿ ಊರಿದಾಗ ಅದು ಶಾಲಿನ ನಟ್ಟನಡುವೆ ಇಳಿಯಿತು. ಪರ್ರೆಂದು ಹರಿದ ಶಬ್ದ ಮೊದಲ ಸಾಲಿನವರೆಗೂ ಕೇಳಿಸಿತು. ಪುಂಡರೀಕಾಕ್ಷರು ಈಗ ಕೂಪನ್ನಿನ ಸಹವಾಸ ಬಿಟ್ಟು ಬೆರಳು ಮಡಚುತ್ತಿದ್ದರು. ಎಂಟು. ಒಂಬತ್ತು. ಹತ್ತು.

ಈ ಸಲ ನಿಜವಾಗಿಯೂ ಮುಗಿಯಿತು. ಮೂವರೂ ಎದ್ದು ಬಾಗಿದರು. ಸಭೆ ಚಪ್ಪಾಳೆ ತಟ್ಟಲೋ ಬೇಡವೋ ಎಂದು ಪುಂಡರೀಕಾಕ್ಷರ ಮುಖ ನೋಡಿತು. ಪುಂಡರೀಕಾಕ್ಷರು ಜಯಲತಾ ಅವರ ಮುಖ ನೋಡಿದರು. ಮೊದಲ ಸಾಲಿನಿಂದ ಜಯಲತಾ ಎರಡೂ ಕೈಗಳಿಂದ ತಮ್ಮ ಹೆಗಲಿಗೆ ಶಾಲು ಹೊದೆಯುವ ಹಾಗೆ ಮಾಡಿ ತೋರಿಸಿ, ವೇದಿಕೆಯತ್ತ ಬೆರಳು ಮಾಡುತ್ತಿದ್ದರು. ಒಮ್ಮೆ ಅಲ್ಲ, ಎರಡು ಸಲ ಮಾಡಿದರು.

ಪುಂಡರೀಕಾಕ್ಷರು ವೇದಿಕೆ ನೋಡಿದರು. ಕೌಶಲ್ ಹೆಗಲಲ್ಲಿ ಶಾಲು ಇದೆ. ಸಮಿತ್ ಹೆಗಲಲ್ಲಿ ಇದೆ. ಅನುಷ್ಕಾ ಬರೀ ಹೆಗಲಲ್ಲಿ ನಿಂತಿದ್ದಾಳೆ, ಅವಳ ಶಾಲು ಕಾಲಡಿಯಲ್ಲಿ ತೂತಾಗಿ ಬಿದ್ದಿದೆ. ಅಧ್ಯಕ್ಷರ ಸ್ವಂತ ತಂಗಿಯ ಮಗಳು. ಇವತ್ತು, ಈ ಒಂದು ದಿನ, ಅಧ್ಯಕ್ಷರ ಮನಸ್ಸು ನೋಯಿಸುವ ಹಾಗಿಲ್ಲ. ಪುಢಾರಿ ಬಂದರೆ ಬರಲಿ, ಅವನಿಗೆ ಗೋಳಿಬಜೆ ಕೊಟ್ಟರಾಯಿತು. ಅವರು ಚೀಲದಿಂದ ನಾಲ್ಕನೆಯ ಶಾಲನ್ನು ಎಳೆದರು. ನೋಡಿದರೆ ಉಳಿದ ಮೂರಕ್ಕಿಂತ ಚಂದದ್ದು, ಮೈಸೂರು ರೇಷ್ಮೆಯದ್ದು, ಎರಡು ಬೆರಳು ಜರಿಯಂಚು. ಅದನ್ನು ಕೊಡವಿ, ಬಿಡಿಸಿ, ಮನಸಾರೆ ಅನುಷ್ಕಾಳ ಹೆಗಲಿಗೆ ಹೊದಿಸಿದರು. ಸಭಾಗೃಹ ಚಪ್ಪಾಳೆಯಿಂದ ತುಂಬಿತು. ಅಷ್ಟು ಗಟ್ಟಿ ಚಪ್ಪಾಳೆ ಸಂಘದಲ್ಲಿ ಹಿಂದೆ ಯಾವತ್ತೂ ಬಿದ್ದಿರಲಿಲ್ಲ.

ಜಯಲತಾ ಮಾತ್ರ ತಟ್ಟಲಿಲ್ಲ. ಅವರು ನಿಧಾನವಾಗಿ ಎದ್ದು ವೇದಿಕೆಗೆ ಬಂದು ಮೈಕು ತೆಗೆದುಕೊಂಡರು. ಹನ್ನೊಂದು ವರ್ಷ ಹಗಲಿರುಳು ದುಡಿದ ನಮ್ಮ ಕಾರ್ಯದರ್ಶಿಯವರನ್ನು ಇವತ್ತು ಗೌರವದಿಂದ ಬಿಡುಗಡೆ ಮಾಡುವುದೆಂದು ಸಮಿತಿ ನಿಶ್ಚಯಿಸಿತ್ತು ಎಂದು ಹೇಳಿ, ಅಲ್ಲಿಗೆ ನಿಲ್ಲಿಸಿ, ಲೋಲಾಕ್ಷಿಯತ್ತ ನೋಡಿದರು. ಪುಂಡರೀಕಾಕ್ಷರು ಕತ್ತು ನೆಟ್ಟಗೆ ಮಾಡಿ, ಹೆಗಲು ಸಿದ್ಧಮಾಡಿ ನಿಂತಿದ್ದರು. ಅವರ ಕಣ್ಣು ಜಯಲತಾ ಅವರ ಚೀಲದ ಕೆಂಪು ಅಂಚಿನ ಮೇಲಿತ್ತು.

"ಅಲ್ಲೆಂತ ನೋಡ್ತೀರಿ," ಲೋಲಾಕ್ಷಿ ಕೆಳಗಿನಿಂದ ಹೇಳಿದರು, "ಅದು ಅತಿಥಿಗಳ ಊಟದ ಮೇಜಿಗೆ ಹಾಸುವ ಬಟ್ಟೆ. ನಿಮ್ಮ ಶಾಲು ನಿಮ್ಮ ಚೀಲದಲ್ಲೇ ಇತ್ತಲ್ಲ ಮಾರಾಯ್ರೆ. ಮೊದಲೇ ಹೇಳಿದ್ರೆ ಮಜಾ ಇರುದಿಲ್ಲ ಅಂತ ಹೇಳ್ಲಿಲ್ಲ."

ಇನ್ನೂರು ಜನ ಅನುಷ್ಕಾಳನ್ನು ನೋಡಿದರು. ಅವಳು ಜರಿಯಂಚಿನ ಶಾಲಿನಲ್ಲಿ ಸೆಲ್ಫಿ ತೆಗೆಯುತ್ತಿದ್ದಳು.

ಪುಂಡರೀಕಾಕ್ಷರು ಸೊಂಟದಿಂದ ಕೀಗೊಂಚಲು ಬಿಚ್ಚಿ ಮುಂದೆ ಚಾಚಿ, "ಶಾಲು ಬೇಡ ಅಕ್ಕ. ನನಗೆ ಏನೂ ಬೇಡ. ಈ ಕೀ ಒಂದು ತಗೊಳ್ಳಿ, ಸಾಕು" ಎಂದರು. ಸಭೆಗೆ ಅದು ವಿನಯದಂತೆ ಕೇಳಿಸಿತು. ಎಂಥ ದೊಡ್ಡ ಮನಸ್ಸು ಎಂದು ಹಿಂದಿನ ಸಾಲಿನವರು ಮತ್ತೆ ಚಪ್ಪಾಳೆ ತಟ್ಟಿದರು.

ಯಾರೋ ಅನುಷ್ಕಾಳಿಂದ ಶಾಲು ಕೇಳಿ ಪಡೆಯಬಹುದಲ್ಲ ಎಂದರು. ಕಲಾವಿದೆಗೆ ಹೊದಿಸಿದ್ದನ್ನು ಹಿಂದೆ ಕೇಳುವುದೇ ಎಂದು ಇನ್ಯಾರೋ ಗದರಿದರು. ನೆಲದಲ್ಲಿ ಬಿದ್ದ ಶಾಲು ಇದೆಯಲ್ಲ ಎಂಬ ಸಲಹೆಗೆ ಲೋಲಾಕ್ಷಿ, ಇಂಥವರಿಗೆ ತೂತು ಬಿದ್ದ ಶಾಲೇ ಎಂದು ಸಿಡುಕಿದರು. ಎದುರಿನ ಅಂಗಡಿಗೆ ಓಡಿ ಹೊಸದು ತರುತ್ತೇನೆ ಎಂದು ಪುಂಡರೀಕಾಕ್ಷರೇ ಮೆಟ್ಟಿಲಿಳಿಯುವಷ್ಟರಲ್ಲಿ ಸಂದೇಶ ಅಡ್ಡ ಬಂದು ಮೈಕು ಹಿಡಿದ. ಅವನ ಮುಖದಲ್ಲಿ ಮೂರು ತಿಂಗಳಿಂದ ಕಾಣದ ಕಳೆ ಇತ್ತು.

"ಹನ್ನೊಂದು ವರ್ಷ ದುಡಿದವರನ್ನು ಹೀಗೆ ಗಡಿಬಿಡಿಯಲ್ಲಿ ಕಳಿಸ್ಲಿಕ್ಕೆ ನನಗೆ ಮನಸ್ಸಿಲ್ಲ. ಮುಂದಿನ ವರ್ಷ ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ಇಟ್ಟು ಗ್ರ್ಯಾಂಡಾಗಿ ಮಾಡುವ. ಅಲ್ಲಿವರೆಗೆ ನಾನು ಕಾಯ್ತೇನೆ."

ಸಭೆ ಕೈಯೆತ್ತಿ ಒಪ್ಪಿತು. ಮೂರನೆಯ ಸಾಲಿನಲ್ಲಿ ಅಪರ್ಣಾ ಗಂಡನನ್ನು ಪ್ರೀತಿಯಿಂದ ನೋಡಿದಳು. ಗಂಟೆ ಒಂದಾಗಿತ್ತು. ಸಭಾಗೃಹದವರು ಮೈಕು ಆರಿಸಿದರು, ಸಾಖರಪುಡಾದವರು ಚೆಂಡುಹೂವಿನ ಮಾಲೆ ಹಿಡಿದು ವೇದಿಕೆ ಹತ್ತಿದರು. ಕೀಗೊಂಚಲು ಇನ್ನೂ ಪುಂಡರೀಕಾಕ್ಷರ ಚಾಚಿದ ಕೈಯಲ್ಲೇ ಇತ್ತು. ಮಾಲೆ ಕಟ್ಟುವವನಿಗೆ ಅಡ್ಡವಾಗುತ್ತಿದೆ ಎಂದು ಅವರು ಅದನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಊಟದ ಸಾಲಿನಲ್ಲಿ ಸಾಬವ್ವ ಅವರ ಮುಂದೆ ನಿಂತಿದ್ದರು. ಸಂಗೀತ ಹೇಗಿತ್ತಮ್ಮ ಎಂದು ಕೇಳಿದ್ದಕ್ಕೆ ಸ್ವಲ್ಪ ಯೋಚಿಸಿ, "ಛಲೋ ಇತ್ರೀ. ಆದ್ರ ಎಷ್ಟ ಸಲ ತಿರುಗಿದ್ರೂ ಹಾಡ ಅದ ಐತಲ್ರೀ" ಎಂದರು. ಪುಂಡರೀಕಾಕ್ಷರು ಹೂಂ ಎಂದರು. ಪಾಯಸ ಬಡಿಸುತ್ತಿದ್ದ ಜಯಲತಾ ಇವರನ್ನು ಕಂಡು, ಬೇಸರ ಮಾಡಬೇಡಿ ಎಂದು ಎರಡು ಸೌಟು ಹೆಚ್ಚು ಹಾಕಿದರು. ಮುಂದಿನ ವರ್ಷಕ್ಕೆ ಅನುಷ್ಕಾ ಇನ್ನೊಂದು ದೊಡ್ಡ ಕೃತಿ ಹುಡುಕಿದ್ದಾಳೆ, ಅದರಲ್ಲಿ ಮೂವತ್ತು ವೇರಿಯೇಷನ್ ಇವೆಯಂತೆ ಎಂದೂ ತಿಳಿಸಿದರು. ಈ ಸಲವೂ ಕೇಳಲಿಲ್ಲ.

ಮಧ್ಯಾಹ್ನ ಎರಡೂವರೆಗೆ ಠಾಣೆ ಸ್ಟೇಷನ್ನಿನಲ್ಲಿ, ಮೆಗಾಬ್ಲಾಕ್ ಮುಗಿಯದ ಪ್ಲಾಟ್‌ಫಾರಂ ಮೇಲೆ, ಪುಂಡರೀಕಾಕ್ಷರು ಚೆಲ್ಲೊ ಪೆಟ್ಟಿಗೆಗೆ ಒರಗಿ ನಿಂತಿದ್ದರು. ಪಕ್ಕದಲ್ಲಿ ಅನುಷ್ಕಾ ಇವರ ಪಾಲಿನ ಶಾಲನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ತುಂಬುತ್ತಿದ್ದಳು. ಸುಗುಣಾ ಫೋನು ಮಾಡಿ, ಶಾಲು ಬಿತ್ತಾ ಎಂದು ಕೇಳಿದರು. ಬಿತ್ತು, ಆದರೆ ನನ್ನ ಮೇಲಲ್ಲ ಎಂದರು ಇವರು. ಸುಗುಣಾ, ಅಲಾರಂ ಎಷ್ಟಕ್ಕೆ ಇಡಲಿ ಎಂದಷ್ಟೇ ಕೇಳಿದರು.

ಫೋನು ಇಟ್ಟಾಗ ಜಯಲತಾ ಅವರ ಮೆಸೇಜು ಬಂದು ಕೂತಿತ್ತು. ಅದನ್ನು ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿ, ಪುಂಡರೀಕಾಕ್ಷರು ಸಂಘದ ವಾಟ್ಸಾಪ್ ಗುಂಪಿಗೆ ನೋಟೀಸು ಬರೆದರು.

"ಮುಂದಿನ ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಸಮಿತಿಯ ತುರ್ತು ಸಭೆ ಕರೆಯಲಾಗಿದೆ. ವಿಷಯ: ನಮ್ಮ ಕಾರ್ಯದರ್ಶಿಯವರ ಅದ್ದೂರಿ ಬೀಳ್ಕೊಡುಗೆಯ ಸಿದ್ಧತೆ. ಇನ್ನು ಮುಂದೆ ವರ್ಷವಿಡೀ ಪ್ರತಿ ಭಾನುವಾರ ಇದೇ ವಿಷಯಕ್ಕೆ ಸಭೆ ಇರುತ್ತದೆ. ಎಲ್ಲರೂ ತಪ್ಪದೆ ಬರಬೇಕು. ಎಂದು, ಪುಂಡರೀಕಾಕ್ಷ, ಕಾರ್ಯದರ್ಶಿ."

ಮೊದಲು ಕೈಮುಗಿದ ಚಿಹ್ನೆ ಕಳಿಸಿದವನು ಸಂದೇಶ. ತನಗೆ ಭಾನುವಾರ ಬೆಳಗ್ಗೆ ಹೋಟೆಲಿನಲ್ಲಿ ರಶ್ಶು, ಬರಲಿಕ್ಕೆ ಆಗುವುದಿಲ್ಲ, ಮನಸ್ಸು ಅಲ್ಲೇ ಇರುತ್ತದೆ ಎಂದು ಬರೆದಿದ್ದ. ಪುಂಡರೀಕಾಕ್ಷರು ಫೋನನ್ನು ಜೇಬಿಗೆ ಹಾಕಿಕೊಂಡು ಆ ಧಾಟಿಯನ್ನು ಮೆಲ್ಲಗೆ ಸಿಳ್ಳೆ ಹಾಕುತ್ತಾ ಲೋಕಲ್‌ಗೆ ಕಾದರು.